ಗುಡ್ಡದ ಮೇಲೆ ಕುಳಿತು ಕೇಳಿದವರು
ಇಂಗ್ಲೆಂಡಿನಲ್ಲಿ ಆಗಸ್ಟ್ ತಿಂಗಳ ಕೊನೆಯ ಸೋಮವಾರ ರಜೆ. 1970ರ ಆ ರಜೆಯ ವಾರಾಂತ್ಯದಲ್ಲಿ ಐಲ್ ಆಫ್ ವೈಟ್ ದ್ವೀಪದ ಸಂಗೀತೋತ್ಸವಕ್ಕೆ ಲಕ್ಷಾಂತರ ಯುವಜನರು ನೆರೆದರು. ಟಿಕೆಟ್ ಕೊಳ್ಳದ ಸಾವಿರಾರು ಮಂದಿ ಪಕ್ಕದ ಆಫ್ಟನ್ ಗುಡ್ಡವೇರಿ ಪುಕ್ಕಟೆಯಾಗಿ ಕೇಳಿದರು!

ಒಳಗಿದ್ದವರ ಮತ್ತು ಗುಡ್ಡದವರ ಅನುಭವಗಳು ತಾಳೆಯಾಗುವುದಾದರೂ ಹೇಗೆ? ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಅಷ್ಟು ದೂರದಲ್ಲಿ ಕುಳಿತವನಿಗೆ ಡ್ರಮ್ಮಿನ ಪೆಟ್ಟು ಕಣ್ಣಿಗೆ ಕಂಡು ಒಂದು ಸೆಕೆಂಡಾದ ಮೇಲೆ ಕಿವಿಗೆ ಬೀಳುತ್ತದೆ. ಗಾಳಿ ಅವನತ್ತ ಬೀಸಿದರೆ ಶಬ್ದ ನೆಲದ ಕಡೆ ಬಾಗುತ್ತದೆ. ಎದುರಿಗೆ ಬೀಸಿದರೆ ಮೇಲಕ್ಕೆ ಬಾಗಿ ತಲೆಯ ಮೇಲಿಂದಲೇ ಹೊರಟುಹೋಗುತ್ತದೆ.

ಸೋಮವಾರ, ನಡುರಾತ್ರಿ ಕಳೆದ ಮೇಲೆ ಜಿಮಿ ಹೆಂಡ್ರಿಕ್ಸ್ ಗಿಟಾರ್ ನುಡಿಸಿದರು. ಕೆಲವರಿಗೆ ಅದು ಸಪ್ಪೆಯೆನಿಸಿತು. ಸೆಪ್ಟೆಂಬರ್ 18ರಂದು, 27ನೇ ವಯಸ್ಸಿನಲ್ಲೇ, ಅವರು ತೀರಿಕೊಂಡರು. ಆಮೇಲೆ ಕೇಳುಗರ ನೆನಪಿನಲ್ಲಿ ಆ ರಾತ್ರಿಗೆ ಬೇರೆಯೇ ತೂಕ ಬಂತು. ಅದಕ್ಕೆ ಮಾತ್ರ ಗಾಳಿ ಕಾರಣವಲ್ಲ.