ಹಳೆಯ ಡೀಸೆಲ್ ವಾಹನದ ದಾನ: ಕೊಡುವ ಮುನ್ನ ಗಮನಿಸಬೇಕಾದ ಅಂಶಗಳು

ಹತ್ತು ಹನ್ನೆರಡು ವರ್ಷ ಸಂಸ್ಥೆಯ ಕೆಲಸಕ್ಕೆ ಓಡಾಡಿದ ಬೊಲೆರೊ, ಸ್ಕಾರ್ಪಿಯೊ ಅಥವಾ ಸುಮೋ ವಾಹನವನ್ನು, ಹೊಸದು ಬಂದ ಮೇಲೆ ಏನು ಮಾಡಬೇಕೆಂಬ ಪ್ರಶ್ನೆ ಅನೇಕ ವರ್ತಕರ ಹಾಗೂ ಸಣ್ಣ ಉದ್ಯಮಿಗಳ ಮುಂದಿದೆ. ವಿನಿಮಯಕ್ಕೆ ಬರುವ ಬೆಲೆ ಸಮಾಧಾನ ತಾರದಿದ್ದಾಗ, ಊರಿನ ವೃದ್ಧಾಶ್ರಮಕ್ಕೋ ಅಂಗವಿಕಲ ಮಕ್ಕಳ ಶಾಲೆಗೋ ಅದನ್ನು ದಾನವಾಗಿ ಕೊಡುವ ಆಲೋಚನೆ ಸಹಜವಾಗಿ ಮೂಡುತ್ತದೆ. ಉದ್ದೇಶ ಶ್ಲಾಘನೀಯವಾದುದೇ. ಆದರೆ ತೆರಿಗೆ, ಕಾನೂನು ಮತ್ತು ಪಡೆಯುವವರ ಶಕ್ತಿ ಈ ಮೂರನ್ನೂ ತೂಗಿ ನೋಡದೆ ಕೊಟ್ಟ ವಾಹನವು ಉಭಯರಿಗೂ ಹೊರೆಯಾಗಬಲ್ಲುದು.

ತೆರಿಗೆ ವಿನಾಯಿತಿ ಎಷ್ಟು?

ವಾಹನದ ಬೆಲೆಯನ್ನು ದಾನವೆಂದು ತೋರಿಸಿ ಆದಾಯ ತೆರಿಗೆಯಲ್ಲಿ ಕಡಿತ ಪಡೆಯಬಹುದೆಂಬ ನಂಬಿಕೆ ವ್ಯಾಪಕವಾಗಿದೆ. ಇದು ಸರಿಯಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 80ಜಿ ಕಲಮಿನ ಪ್ರಕಾರ ಹಣದ ರೂಪದ ದಾನಕ್ಕೆ ಮಾತ್ರ ಕಡಿತವುಂಟು. ವಸ್ತು ರೂಪದ ದಾನಕ್ಕೆ ಇಲ್ಲ. 2026ರ ಏಪ್ರಿಲ್ 1ರಿಂದ ಅನ್ವಯವಾಗುವಂತೆ ರಚಿತವಾದ 2025ರ ಕಾಯ್ದೆಯಲ್ಲಿ ಈ ವಿಷಯ 133ನೆಯ ಕಲಮಿನಲ್ಲಿದೆ. 2,000 ರೂಪಾಯಿಗಿಂತ ಹೆಚ್ಚಿನ ನಗದು ದಾನಕ್ಕೂ 2017-18ರಿಂದ ಕಡಿತವಿಲ್ಲ. ಹೊಸ ತೆರಿಗೆ ಪದ್ಧತಿಯನ್ನು ಅನುಸರಿಸುವ ವ್ಯಕ್ತಿಗಳಿಗೂ, ಶೇ. 22ರ ದರವನ್ನು ಆಯ್ದುಕೊಂಡ ಕಂಪನಿಗಳಿಗೂ ಈ ಸೌಲಭ್ಯವೇ ದೊರೆಯದು.

ಆದ್ದರಿಂದ ತೆರಿಗೆಯ ದೃಷ್ಟಿಯಿಂದ, ವಾಹನವನ್ನು ಮಾರಿ ಬಂದ ಹಣವನ್ನು ಮಾನ್ಯತೆ ಪಡೆದ ಸಂಸ್ಥೆಗೆ ಚೆಕ್ ಮೂಲಕ ನೀಡುವುದೇ ಲೇಸು. ಮಾರಾಟದಲ್ಲಿ ಜಿ.ಎಸ್.ಟಿ. ಲೆಕ್ಕವನ್ನೂ ನೋಡಬೇಕು. ಖರೀದಿಯ ವೇಳೆ ತೆರಿಗೆ ಜಮೆ ಪಡೆಯದಿದ್ದಲ್ಲಿ, ಮಾರಿದ ಬೆಲೆಯು ಸವಕಳಿ ಕಳೆದು ಉಳಿದ ಮೌಲ್ಯಕ್ಕಿಂತ ಎಷ್ಟು ಹೆಚ್ಚೋ ಅಷ್ಟರ ಮೇಲೆ ಮಾತ್ರ ಶೇ. 18 ತೆರಿಗೆ ಬೀಳುತ್ತದೆ. ಉದಾಹರಣೆಗೆ, ಪುಸ್ತಕ ಮೌಲ್ಯ 2,10,000 ರೂ. ಇರುವ ವಾಹನ 3,00,000 ರೂಪಾಯಿಗೆ ಮಾರಾಟವಾದರೆ ವ್ಯತ್ಯಾಸ 90,000 ರೂ.; ತೆರಿಗೆ 16,200 ರೂ. ವ್ಯತ್ಯಾಸವಿಲ್ಲದಿದ್ದರೆ ತೆರಿಗೆಯೂ ಇಲ್ಲ.

ಆರ್.ಸಿ. ಯಾರ ಹೆಸರಿನಲ್ಲಿದೆ?

ಎಲ್ಲಕ್ಕಿಂತ ದೊಡ್ಡ ಅಪಾಯವಿರುವುದು ಇಲ್ಲಿ. ಪರಿಚಯದ ಸಂಸ್ಥೆಯೆಂಬ ವಿಶ್ವಾಸದಿಂದ ಕೀಲಿಕೈ ಒಪ್ಪಿಸಿ, ಹಾರ ಹಾಕಿಸಿಕೊಂಡು, ಕಾಗದಪತ್ರ ಮುಂದೆ ನೋಡೋಣವೆಂದು ಬಿಟ್ಟುಬಿಡುವವರಿದ್ದಾರೆ. ಹಲವು ಕೈ ಬದಲಾಗಿದ್ದ ವಾಹನವೊಂದರ ಅಪಘಾತ ಪ್ರಕರಣದಲ್ಲಿ, ನೋಂದಣಿ ಯಾರ ಹೆಸರಿನಲ್ಲಿದೆಯೋ ಅವರೇ ಪರಿಹಾರಕ್ಕೆ ಹೊಣೆಗಾರರೆಂದು ಸರ್ವೋಚ್ಚ ನ್ಯಾಯಾಲಯವು 2018ರ ಫೆಬ್ರವರಿಯಲ್ಲಿ ತೀರ್ಪಿತ್ತಿದೆ. ವಾಹನ ಕಣ್ಣಿಗೆ ಬೀಳದೆ ವರ್ಷಗಳೇ ಕಳೆದಿದ್ದರೂ, ವಿಮೆಯಿಲ್ಲದೆ ಓಡಿದ ಆ ವಾಹನ ಯಾರಿಗಾದರೂ ಬಡಿದರೆ ಲಕ್ಷಾಂತರ ರೂಪಾಯಿಯ ಹೊಣೆ ದಾನಿಯ ಬಾಗಿಲಿಗೆ ಬರಬಹುದು.

1988ರ ಮೋಟಾರು ವಾಹನ ಕಾಯ್ದೆಯ 50ನೆಯ ಕಲಮಿನಂತೆ, ರಾಜ್ಯದೊಳಗಿನ ವರ್ಗಾವಣೆಯನ್ನು ಕೊಡುವವರು 14 ದಿನಗಳೊಳಗೆ, ಪಡೆಯುವವರು 30 ದಿನಗಳೊಳಗೆ ಪ್ರಾದೇಶಿಕ ಸಾರಿಗೆ ಕಚೇರಿಗೆ ತಿಳಿಸಬೇಕು. ಇದಕ್ಕೆ ನಮೂನೆ 29 ಮತ್ತು 30 ಬೇಕು. ಸಾಲದ ನಮೂದು ಇದ್ದರೆ ಬ್ಯಾಂಕಿನ ಪತ್ರದೊಡನೆ ನಮೂನೆ 35 ಸಲ್ಲಿಸಿ ಮೊದಲು ಅದನ್ನು ತೆಗೆಸಬೇಕು. ಜೊತೆಗೆ ಟ್ರಸ್ಟಿನ ಸ್ವೀಕಾರ ನಿರ್ಣಯದ ಪ್ರತಿ ಹಾಗೂ ದಿನ, ವೇಳೆ ನಮೂದಿಸಿದ ಒಪ್ಪಿಸುವಿಕೆ ಪತ್ರ ಕಡತದಲ್ಲಿರಲಿ. ಮೂರನೆಯ ವ್ಯಕ್ತಿಗೆ ಸಂಬಂಧಿಸಿದ ವಿಮೆ ವಾಹನದೊಂದಿಗೆ ವರ್ಗಾವಣೆಯಾದಂತೆಯೇ ಸರಿ. ಆದರೂ ಪಡೆಯುವವರು 14 ದಿನಗಳೊಳಗೆ ವಿಮಾ ಕಂಪನಿಗೆ ಅರ್ಜಿ ಸಲ್ಲಿಸಬೇಕು.

ಪಡೆಯುವವರ ಶಕ್ತಿ

ದಾನ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡಿದರಂತೆ ಎಂಬ ಗಾದೆಯಿದೆ. ವಾಹನದ ವಿಷಯದಲ್ಲಿ ಹಲ್ಲು ನೋಡುವುದೇ ವಿವೇಕ; ಅದನ್ನು ಕೊಡುವವರೇ ಮೊದಲು ನೋಡಬೇಕು. ವರ್ಷಕ್ಕೆ 12,000 ಕಿ.ಮೀ. ಓಡುವ, ಲೀಟರಿಗೆ 10 ಕಿ.ಮೀ. ಕೊಡುವ ವಾಹನಕ್ಕೆ 1,200 ಲೀಟರು ಡೀಸೆಲ್ ಬೇಕು. ಲೀಟರಿಗೆ 90 ರೂ. ಎಂದು ಹಿಡಿದರೂ ಇಂಧನಕ್ಕೇ 1,08,000 ರೂ. ಆಗುತ್ತದೆ. ಚಾಲಕನ ಸಂಬಳ, ವಿಮೆ, ಟೈರು, ಕ್ಲಚ್ಚು, ಡೀಸೆಲ್ ಪಂಪಿನ ದುರಸ್ತಿ ಇದರ ಮೇಲೆ. ದೇಣಿಗೆಯಿಂದಲೇ ದಿನ ದೂಡುವ ಆಶ್ರಮಕ್ಕೆ ಇದು ಸಣ್ಣ ಮೊತ್ತವಲ್ಲ.

ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ನಂತರ ತಪಾಸಣೆಗೊಳಪಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಆಂಬುಲೆನ್ಸಾಗಿ ಮಾರ್ಪಡಿಸುವುದಾದರೆ ನೋಂದಣಿ ಪ್ರಾಧಿಕಾರದ ಒಪ್ಪಿಗೆ ಅಗತ್ಯ. ಹೀಗಾಗಿ ಹದಿನಾಲ್ಕನೆಯ ವರ್ಷದ ವಾಹನವನ್ನು ಕೊಡುವುದೆಂದರೆ ನವೀಕರಣದ ಖರ್ಚನ್ನೂ ಕೊಟ್ಟಂತೆ.

ಹಳ್ಳಿಗಳಿಗೆ ತೆರಳಿ ಚಿಕಿತ್ಸೆ ನೀಡುವ, ಚಾಲಕನೂ ನಿಶ್ಚಿತ ಆದಾಯವೂ ಉಳ್ಳ ಸಂಸ್ಥೆಗೆ ಕಚ್ಚಾ ರಸ್ತೆಗೆ ಹೊಂದುವ ಗಟ್ಟಿ ಡೀಸೆಲ್ ವಾಹನ ನಿಜಕ್ಕೂ ವರ. ಅಂತಹ ಕಡೆ ಸರ್ವಿಸ್ ಮಾಡಿಸಿ, ಒಂದು ವರ್ಷದ ವಿಮೆ ಕಟ್ಟಿ ಕೊಡುವುದು ಉಚಿತ. ಉಳಿದ ಕಡೆಗಳಿಗೆ ಮಾರಾಟದ ಹಣವೇ ಉಪಯುಕ್ತ. ದುರಸ್ತಿಗೆ ಮೀರಿದ ವಾಹನವನ್ನು ಆಶ್ರಮದ ಅಂಗಳಕ್ಕೆ ಸಾಗಿಸದೆ, 2021ರ ನಿಯಮಗಳಡಿ ನೋಂದಾಯಿತವಾದ ಗುಜರಿ ಕೇಂದ್ರಕ್ಕೆ ಒಪ್ಪಿಸಿ ಠೇವಣಿ ಪ್ರಮಾಣಪತ್ರ ಪಡೆದು, ಬಂದ ಹಣವನ್ನು ಕೊಡಬಹುದು. ಯಾವ ದಾರಿ ಹಿಡಿದರೂ, ಆರ್.ಸಿ.ಯಲ್ಲಿ ಹೆಸರು ಬದಲಾಗಿದೆ ಅಥವಾ ನೋಂದಣಿ ರದ್ದಾಗಿದೆ ಎಂಬುದನ್ನು ಸ್ವತಃ ಖಚಿತಪಡಿಸಿಕೊಳ್ಳುವವರೆಗೆ ವ್ಯವಹಾರ ಮುಗಿಯಿತೆಂದು ಸದಸ್ಯ ಬಾಂಧವರು ಭಾವಿಸಬಾರದು.