ಹಳೆಯ ಸಣ್ಣ ಟ್ರ್ಯಾಕ್ಟರಿಗೆ ಎಷ್ಟು ಬೆಲೆ ಹೇಳಬೇಕು?



ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವವರನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಹಿರಿಯರು ಮೊದಲು ಎತ್ತಿನ ಬಾಯಿ ತೆರೆದು ಹಲ್ಲು ನೋಡುತ್ತಾರೆ. ಸುಳಿ ನೋಡುತ್ತಾರೆ. ನಾಲ್ಕು ಹೆಜ್ಜೆ ನಡೆಸಿ, ಕಾಲು ಎಳೆಯುವುದೇ ಎಂದು ಪರೀಕ್ಷಿಸುತ್ತಾರೆ. ಆಮೇಲೆಯೇ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ. ಬೆರಳು ಹಿಡಿಯುವ ಮೊದಲೇ ಅವರ ಮನಸ್ಸಿನಲ್ಲಿ ಒಂದು ಲೆಕ್ಕ ಕುಳಿತಿರುತ್ತದೆ.

ಈಗ ಎಷ್ಟೋ ಮನೆಗಳಲ್ಲಿ ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂದಿದೆ. ಆದರೆ ಹಳೆಯ ಟ್ರ್ಯಾಕ್ಟರ್ ಕೊಳ್ಳಲು ಹೋದಾಗ ಅದೇ ಹಿರಿಯರು ಹೊಸ ಬಣ್ಣಕ್ಕೆ ಮರುಳಾಗುವುದುಂಟು. ಮಾರುವವರು ಹೇಳಿದ ಬೆಲೆಯಲ್ಲಿ ಹತ್ತು ಸಾವಿರ ಇಳಿಸಿಕೊಂಡು ‘ಗೆದ್ದೆವು’ ಎಂದು ಮನೆಗೆ ಬರುತ್ತಾರೆ. ಮೊದಲ ಮಳೆಗೆ ಕ್ಲಚ್ ಕೈಕೊಟ್ಟಾಗ ಗೆದ್ದವರು ಯಾರೆಂಬುದು ತಿಳಿಯುತ್ತದೆ. ಅಷ್ಟರಲ್ಲಿ ಉಳಿತಾಯದ ಹಣ ಖರ್ಚಾಗಿರುತ್ತದೆ, ಸಾಲದ ಕಂತು ಆರಂಭವಾಗಿರುತ್ತದೆ.

ಈ ಲೆಕ್ಕವನ್ನು ಮಾಡಿಕೊಡಬಲ್ಲವರು ನೀವು. ಇದಕ್ಕೆ ಬೇಕಾದ ಗಣಿತವನ್ನು ಶಾಲೆಯಲ್ಲೇ ಕಲಿತಿದ್ದೀರಿ. ಬೇಕಾದದ್ದು ಒಂದು ಕಾಗದ, ಒಂದು ಪೆನ್ಸಿಲ್, ಸ್ವಲ್ಪ ತಾಳ್ಮೆ.

ಸಣ್ಣ ಟ್ರ್ಯಾಕ್ಟರ್ ಎಂದರೆ ಯಾವುದು?

ಸಾಮಾನ್ಯವಾಗಿ 15ರಿಂದ 30 ಅಶ್ವಶಕ್ತಿಯೊಳಗಿನ ಟ್ರ್ಯಾಕ್ಟರುಗಳನ್ನು ನಮ್ಮಲ್ಲಿ ಸಣ್ಣ ಟ್ರ್ಯಾಕ್ಟರ್ ಎನ್ನುತ್ತಾರೆ. ಮಹೀಂದ್ರ ಯುವರಾಜ್ 215, ಸ್ವರಾಜ್ 717, ಬೆಂಗಳೂರಿನ ವಿ.ಎಸ್.ಟಿ. ಕಂಪನಿಯ ಶಕ್ತಿ ಮಾದರಿಗಳು, 24 ಅಶ್ವಶಕ್ತಿಯ ಕುಬೋಟಾ ಇವು ಕೆಲವು ಉದಾಹರಣೆಗಳು. ದೊಡ್ಡ ಟ್ರ್ಯಾಕ್ಟರ್ ತಿರುಗಲಾಗದ ಅಡಿಕೆ ತೋಟ, ದ್ರಾಕ್ಷಿ ಮತ್ತು ದಾಳಿಂಬೆಯ ಸಾಲುಗಳ ನಡುವೆ ಇವು ಸಲೀಸಾಗಿ ಓಡಾಡುತ್ತವೆ.

ಬೆಲೆ ನಿರ್ಧರಿಸಲು ನಾವು ಮೂರು ಸಂಖ್ಯೆಗಳನ್ನು ಕಂಡುಹಿಡಿಯಬೇಕು. ಉದಾಹರಣೆಗೆ ಒಂದು ಕುಟುಂಬವನ್ನು ತೆಗೆದುಕೊಳ್ಳೋಣ. ಅವರಿಗೆ ಮೂರು ಎಕರೆ ತೋಟ, ಎರಡು ಎಕರೆ ಹೊಲ ಇದೆ. ಪಕ್ಕದ ಊರಿನಲ್ಲಿ ಆರು ವರ್ಷ ಹಳೆಯ ಸಣ್ಣ ಟ್ರ್ಯಾಕ್ಟರ್ ಮಾರಾಟಕ್ಕಿದೆ. ಮಾರುವವರು ಹೇಳುವ ಬೆಲೆ 2,40,000 ರೂಪಾಯಿ. ಇಲ್ಲಿ ಕೊಡುವ ಹಣದ ಅಂಕಿಗಳೆಲ್ಲ ಲೆಕ್ಕ ತೋರಿಸಲು ಊಹಿಸಿಕೊಂಡವು. ನಿಮ್ಮ ಊರಿನ ಅಂಕಿಗಳನ್ನು ನೀವೇ ಸಂಗ್ರಹಿಸಬೇಕು.

ಮೊದಲನೆಯ ಸಂಖ್ಯೆ: ಸವಕಳಿ ಕಳೆದ ಬೆಲೆ

‘ನಾನು ಇದನ್ನು ಇಷ್ಟು ಕೊಟ್ಟು ತಂದಿದ್ದೆ’ ಎಂದು ಮಾರುವವರು ಹೇಳಬಹುದು. ಅದು ನಿಜವೇ ಇರಬಹುದು. ಆದರೆ ನಮಗೆ ಬೇಕಾದದ್ದು ಅಂದಿನ ಬೆಲೆಯಲ್ಲ, ಅದೇ ಶಕ್ತಿಯ ಹೊಸ ಟ್ರ್ಯಾಕ್ಟರಿಗೆ ಈಗ ಇರುವ ಬೆಲೆ. ಇದಕ್ಕೆ ಒಂದು ಒಳ್ಳೆಯ ನಿದರ್ಶನವಿದೆ. 2025ರ ಸೆಪ್ಟೆಂಬರ್ 22ರಿಂದ ಕೃಷಿ ಟ್ರ್ಯಾಕ್ಟರುಗಳ ಮೇಲಿನ ಜಿ.ಎಸ್.ಟಿ. ಶೇಕಡಾ 12ರಿಂದ 5ಕ್ಕೆ ಇಳಿಯಿತು. ತೆರಿಗೆ ಬಿಟ್ಟು 4,00,000 ರೂಪಾಯಿ ಇರುವ ಟ್ರ್ಯಾಕ್ಟರಿಗೆ ಮೊದಲು 4,48,000 ಕೊಡಬೇಕಿತ್ತು, ಆ ದಿನದಿಂದ 4,20,000. ಹೊಸದೇ 28,000 ರೂಪಾಯಿ ಅಗ್ಗವಾದ ಮೇಲೆ ಹಳೆಯದಕ್ಕೆ ಹಿಂದಿನ ಬೆಲೆ ನಿಲ್ಲುವುದು ಹೇಗೆ? ನಿಮಗೆ ಸರ್ಕಾರದ ಸಹಾಯಧನ ಸಿಗುವುದೇ ಎಂದು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಸಿಕ್ಕರೆ ಹೊಸದರ ಬೆಲೆ ಇನ್ನೂ ಇಳಿಯುತ್ತದೆ.

ವಾಣಿಜ್ಯಶಾಸ್ತ್ರ ಓದುವವರಿಗೆ ಸವಕಳಿಯ ಪರಿಚಯವಿದೆ. ಕೃಷಿ ಎಂಜಿನಿಯರಿಂಗ್ ಲೆಕ್ಕಗಳಲ್ಲಿ ಟ್ರ್ಯಾಕ್ಟರಿನ ಆಯುಷ್ಯವನ್ನು ಸಾಮಾನ್ಯವಾಗಿ 10 ವರ್ಷ ಎಂದೂ, ಕೊನೆಗೆ ಉಳಿಯುವ ಬೆಲೆಯನ್ನು ಮೂಲಬೆಲೆಯ ಶೇಕಡಾ 10 ಎಂದೂ ಹಿಡಿಯುತ್ತಾರೆ. ಹೊಸದರ ಬೆಲೆ 4,00,000 ಎಂದುಕೊಳ್ಳೋಣ. ಉಳಿಕೆ ಬೆಲೆ 40,000. ಮಿಕ್ಕ 3,60,000ವನ್ನು ಹತ್ತು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 36,000. ಆರು ವರ್ಷಕ್ಕೆ 2,16,000. ಅಂದರೆ ಈಗ ಉಳಿದಿರುವುದು 1,84,000. ಇದು ಸರಳ ರೇಖಾ ಪದ್ಧತಿ.

ಪ್ರತಿ ವರ್ಷ ಹಿಂದಿನ ವರ್ಷ ಉಳಿದ ಬೆಲೆಯ ಮೇಲೆ ಶೇಕಡಾ 15ರಂತೆ ಕಳೆಯುತ್ತ ಹೋದರೆ ಆರು ವರ್ಷಗಳ ನಂತರ ಸುಮಾರು 1,51,000 ಉಳಿಯುತ್ತದೆ. ಆದ್ದರಿಂದ ನಮ್ಮ ಮೊದಲ ಸಂಖ್ಯೆ 1,51,000ದಿಂದ 1,84,000ದವರೆಗೆ. ಇದು ಕೇವಲ ವಯಸ್ಸಿನ ಲೆಕ್ಕ. ಯಂತ್ರದ ಆರೋಗ್ಯ ಇದರಲ್ಲಿ ಸೇರಿಲ್ಲ.

ಎರಡನೆಯ ಸಂಖ್ಯೆ: ಮಾರುಕಟ್ಟೆ ಬೆಲೆ, ದುರಸ್ತಿ ಕಳೆದು

ನಿಮ್ಮ ಸುತ್ತಮುತ್ತ ಇದೇ ವಯಸ್ಸಿನ, ಇದೇ ಶಕ್ತಿಯ ಟ್ರ್ಯಾಕ್ಟರುಗಳು ಎಷ್ಟಕ್ಕೆ ಕೈ ಬದಲಾದವು ಎಂದು ಕೇಳಿ. ಕೇಳಿದ ಬೆಲೆ ಬೇರೆ, ಕೊಟ್ಟ ಬೆಲೆ ಬೇರೆ. ನಮಗೆ ಬೇಕಾದದ್ದು ಕೊಟ್ಟ ಬೆಲೆ. ಮೂರು ಮಾರಾಟಗಳು ತಿಳಿದುಬಂದವು ಎನ್ನಿ: 1,90,000, 2,05,000 ಮತ್ತು 2,10,000. ಇವುಗಳಲ್ಲಿ ನಡುವಿನದು 2,05,000. ಗಣಿತದಲ್ಲಿ ಇದನ್ನೇ ಮಧ್ಯಾಂಕ ಎಂದು ಕಲಿತಿದ್ದೀರಿ. ಆ ಮೂರೂ ಒಳ್ಳೆಯ ಸ್ಥಿತಿಯಲ್ಲಿದ್ದವು ಎಂದಾದರೆ, ನಾವು ನೋಡುತ್ತಿರುವ ಯಂತ್ರವನ್ನು ಅದೇ ಸ್ಥಿತಿಗೆ ತರಲು ತಗಲುವ ಖರ್ಚನ್ನು ಈ ಬೆಲೆಯಿಂದ ಕಳೆಯಬೇಕು. ಇಲ್ಲಿ ಹಲ್ಲು ನೋಡುವ ಕೆಲಸ ಬರುತ್ತದೆ. ನಂಬಿಕೆಯ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋಗಿ. ನೀವು ಪಕ್ಕದಲ್ಲಿ ನಿಂತು ಬರೆದುಕೊಳ್ಳಿ.

ಅವರ್ ಮೀಟರ್: ಎಂಜಿನ್ ಎಷ್ಟು ಗಂಟೆ ಓಡಿದೆ ಎಂಬುದನ್ನು ಇದು ತೋರಿಸುತ್ತದೆ. ಆರು ವರ್ಷದ ಯಂತ್ರದಲ್ಲಿ 1,800 ಗಂಟೆ ಇದ್ದರೆ ವರ್ಷಕ್ಕೆ ಸರಾಸರಿ 300 ಗಂಟೆ. ಮೀಟರಿನಲ್ಲಿ 400 ಎಂದಿದ್ದು, ಕ್ಲಚ್ ಪೆಡಲಿನ ರಬ್ಬರ್ ಸವೆದು ಕಬ್ಬಿಣ ಹೊಳೆಯುತ್ತಿದ್ದರೆ ಮೀಟರನ್ನು ನಂಬಬೇಡಿ.

ತಣ್ಣಗಿನ ಎಂಜಿನ್: ನೀವು ಹೋಗುವ ಮೊದಲು ಚಾಲೂ ಮಾಡಬೇಡಿ ಎಂದು ಮೊದಲೇ ತಿಳಿಸಿ. ಹೋದ ಕೂಡಲೇ ಎಂಜಿನ್ ಬಿಸಿಯಾಗಿದೆಯೇ ನೋಡಿ. ಬಿಸಿ ಎಂಜಿನ್ ಸುಲಭವಾಗಿ ಚಾಲೂ ಆಗಿ ತನ್ನ ದೋಷವನ್ನು ಮುಚ್ಚಿಡುತ್ತದೆ.

ಹೊಗೆ: ತಣ್ಣಗಿನ ಎಂಜಿನ್ ಮೊದಲು ಸ್ವಲ್ಪ ಬಿಳಿ ಹೊಗೆ ಬಿಡುವುದು ಸಹಜ. ನೀಲಿ ಛಾಯೆಯ ಹೊಗೆ ನಿಲ್ಲದೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದರ್ಥ. ಪಿಸ್ಟನ್ ರಿಂಗ್ ಸವೆದಿರಬಹುದು. ಇದು ದೊಡ್ಡ ಖರ್ಚು. ದಟ್ಟ ಕಪ್ಪು ಹೊಗೆಗೆ ಗಾಳಿ ಶೋಧಕ ಕಟ್ಟಿರುವುದು ಅಥವಾ ಇಂಜೆಕ್ಟರಿನ ದೋಷ ಕಾರಣವಾಗಿರಬಹುದು.

ಆಯಿಲ್: ಆಯಿಲ್ ಅಳೆಯುವ ಕಡ್ಡಿಯನ್ನು ತೆಗೆದು ನೋಡಿ. ಹಾಲು ಬೆರೆಸಿದ ಕಾಫಿಯ ಬಣ್ಣ ಇದ್ದರೆ ಆಯಿಲಿಗೆ ನೀರು ಸೇರಿದೆ. ರೇಡಿಯೇಟರಿನ ನೀರಿನ ಮೇಲೆ ಜಿಡ್ಡು ತೇಲುತ್ತಿದ್ದರೂ ಎಚ್ಚರ ಬೇಕು. ಆದರೆ ಎಂಜಿನ್ ಬಿಸಿಯಿದ್ದಾಗ ರೇಡಿಯೇಟರ್ ಮುಚ್ಚಳ ತೆರೆಯಲೇಬಾರದು. ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ.

ಹೈಡ್ರಾಲಿಕ್: ಕಲ್ಟಿವೇಟರ್ ಅಥವಾ ರೋಟವೇಟರ್ ಎತ್ತಿಸಿ, ಎತ್ತಿದಂತೆಯೇ ಕೆಲವು ನಿಮಿಷ ಬಿಡಿ. ಸರಸರನೆ ಕೆಳಗಿಳಿದರೆ ಒಳಗೆ ಸೋರಿಕೆ ಇದೆ. ಪರೀಕ್ಷಿಸುವಾಗ ಯಾರೂ ಅದರ ಕೆಳಗೆ ಕೈ ಕಾಲು ಇಡಬಾರದು.

ಹಿಂದೆ ಮಾಡಿದ ಕೆಲಸ: ಕೆಸರುಗದ್ದೆಯಲ್ಲಿ ದುಡಿದ ಟ್ರ್ಯಾಕ್ಟರಿನ ಆಕ್ಸಲ್ ಸೀಲುಗಳನ್ನೂ ಬ್ರೇಕನ್ನೂ ವಿಶೇಷವಾಗಿ ನೋಡಬೇಕು. ಇಟ್ಟಿಗೆ, ಮರಳಿನ ಟ್ರಾಲಿ ಎಳೆದಿದ್ದರೆ ಕೊಕ್ಕೆ ಸವೆದಿರುತ್ತದೆ, ಕ್ಲಚ್ ದಣಿದಿರುತ್ತದೆ. ಎಲ್ಲ ಗೇರುಗಳಲ್ಲಿ ಓಡಿಸಿ, ಭಾರ ಬಿದ್ದಾಗ ಗೇರ್ ತಾನಾಗಿ ಜಾರುವುದೇ ಎಂದು ನೋಡಬೇಕು. ಹಿಂದಿನ ಟೈರುಗಳ ಹಲ್ಲು ಎಷ್ಟು ಉಳಿದಿದೆ, ಪಕ್ಕದಲ್ಲಿ ಬಿರುಕು ಇದೆಯೇ ಎಂಬುದನ್ನೂ ಬರೆದುಕೊಳ್ಳಿ.

ನಮ್ಮ ಉದಾಹರಣೆಯಲ್ಲಿ ಮೆಕ್ಯಾನಿಕ್ ಹೇಳಿದ್ದು ಇಷ್ಟು: ಹಿಂದಿನ ಎರಡು ಟೈರ್ 24,000, ಕ್ಲಚ್ ಕೆಲಸ 9,000, ಬ್ಯಾಟರಿ 4,500. ಇದಕ್ಕೆ ವಿಮೆ ಮತ್ತು ಹೆಸರು ವರ್ಗಾವಣೆಯ 5,500 ಸೇರಿಸಿದರೆ ಒಟ್ಟು 43,000. ಕಣ್ಣಿಗೆ ಕಾಣದ ದೋಷಕ್ಕೆಂದು 10,000 ತೆಗೆದಿಡೋಣ. 2,05,000ದಿಂದ 53,000 ಕಳೆದರೆ 1,52,000. ಇದು ಎರಡನೆಯ ಸಂಖ್ಯೆ.

ಮೂರನೆಯ ಸಂಖ್ಯೆ: ನಿಮ್ಮ ಮನೆಗೆ ಅದರ ಬೆಲೆ

ಬಹಳ ಜನ ಮರೆಯುವ ಸಂಖ್ಯೆ ಇದು. ಟ್ರ್ಯಾಕ್ಟರ್ ಇಲ್ಲದಿದ್ದರೆ ನಿಮ್ಮ ಹೊಲದ ಕೆಲಸ ನಿಲ್ಲುವುದಿಲ್ಲ. ಬಾಡಿಗೆಗೆ ತರುತ್ತೀರಿ. ಊರಿನಲ್ಲಿ ಬಾಡಿಗೆಗೆ ಓಡಿಸುವವರಿರುತ್ತಾರೆ. ಕರ್ನಾಟಕ ಸರ್ಕಾರದ ಕೃಷಿ ಯಂತ್ರಧಾರೆ ಕೇಂದ್ರಗಳೂ ಇವೆ. ಆದ್ದರಿಂದ ಸ್ವಂತ ಯಂತ್ರದ ಬೆಲೆ ಎಂದರೆ, ಅದು ಉಳಿಸುವ ಬಾಡಿಗೆ.

ನಮ್ಮ ಕುಟುಂಬಕ್ಕೆ ವರ್ಷಕ್ಕೆ 60 ಗಂಟೆ ಕೆಲಸ, ಗಂಟೆಗೆ 700 ರೂಪಾಯಿ ಬಾಡಿಗೆ ಎಂದರೆ 42,000. ಸ್ವಂತದ್ದಾದರೆ ಗಂಟೆಗೆ ಎರಡೂವರೆ ಲೀಟರ್ ಡೀಸೆಲ್, ಲೀಟರಿಗೆ 90ರಂತೆ 13,500. ಆಯಿಲ್, ಸಣ್ಣ ದುರಸ್ತಿ, ವಿಮೆ ಸೇರಿ 9,000. ಒಟ್ಟು 22,500. ವರ್ಷದ ಉಳಿತಾಯ 19,500. ಐದು ವರ್ಷಕ್ಕೆ 97,500. ಐದು ವರ್ಷ ಬಳಸಿ 70,000ಕ್ಕೆ ಮಾರಬಹುದು ಎಂದುಕೊಂಡರೆ ಒಟ್ಟು 1,67,500.

ಇದು ಕೈಯಲ್ಲಿ ಹಣವಿದ್ದವರ ಲೆಕ್ಕ. 1,00,000 ಸಾಲ ತೆಗೆದು, ಶೇಕಡಾ 10 ಬಡ್ಡಿಯಲ್ಲಿ ವರ್ಷಕ್ಕೆ 20,000 ಅಸಲು ತೀರಿಸುತ್ತ ಹೋದರೆ, ಐದು ವರ್ಷದ ಬಡ್ಡಿ 10,000, 8,000, 6,000, 4,000, 2,000. ಒಟ್ಟು 30,000. ಅದನ್ನು ಕಳೆದರೆ ಉಳಿಯುವುದು 1,37,500.

‘ಮಳೆ ಬಿದ್ದಾಗ ಬಾಡಿಗೆಯವರು ಸಮಯಕ್ಕೆ ಬರುವುದಿಲ್ಲ’ ಎಂದು ನಿಮ್ಮ ತಂದೆಯವರು ಹೇಳಬಹುದು. ಅದು ಸರಿಯಾದ ಮಾತು. ತಡವಾದ ಬಿತ್ತನೆಯಿಂದ ಕಳೆದ ವರ್ಷ ಎಷ್ಟು ನಷ್ಟವಾಯಿತು ಎಂದು ಕೇಳಿ, ಆ ಮೊತ್ತವನ್ನೂ ಲೆಕ್ಕಕ್ಕೆ ಸೇರಿಸಿ. ನೆರೆಯವರ ಹೊಲಕ್ಕೆ ಬಾಡಿಗೆ ಓಡಿಸುವ ಆಸೆ ಇದ್ದರೆ, ಖಚಿತವಾಗಿ ಕರೆಯುವವರ ಗಂಟೆಗಳನ್ನು ಮಾತ್ರ ಸೇರಿಸಿ. ಆಸೆಯನ್ನು ಆದಾಯವೆಂದು ಬರೆದರೆ ಲೆಕ್ಕ ಸುಳ್ಳಾಗುತ್ತದೆ.

ಕಾಗದಪತ್ರ ಸರಿಯಿಲ್ಲದಿದ್ದರೆ ಬೆಲೆಯ ಮಾತೇ ಬೇಡ

ಆರ್.ಸಿ. ಪುಸ್ತಕದಲ್ಲಿರುವ ಎಂಜಿನ್ ಸಂಖ್ಯೆ, ಚಾಸಿ ಸಂಖ್ಯೆಗಳನ್ನು ಯಂತ್ರದ ಮೇಲಿನ ಸಂಖ್ಯೆಗಳೊಂದಿಗೆ ತಾಳೆ ನೋಡಿ. ಮಾರುವವರ ಹೆಸರೇ ಮಾಲೀಕರ ಹೆಸರೇ? ಬ್ಯಾಂಕಿನ ಸಾಲದ ನಮೂದು ಇದೆಯೇ? ಇದ್ದರೆ ಸಾಲ ತೀರಿದ ಬಗ್ಗೆ ಬ್ಯಾಂಕಿನ ಪತ್ರವೂ, ನಮೂದು ತೆಗೆಸುವ 35ನೇ ನಮೂನೆಯೂ ಬೇಕು. ಹೆಸರು ವರ್ಗಾವಣೆಗೆ 29 ಮತ್ತು 30ನೇ ನಮೂನೆಗಳಿವೆ. ಮೋಟಾರು ವಾಹನ ಕಾಯ್ದೆ, 1988ರ ಪ್ರಕಾರ ಕೊಂಡವರು 30 ದಿನಗಳೊಳಗೆ ಆರ್.ಟಿ.ಓ. ಕಚೇರಿಗೆ ವರದಿ ಮಾಡಬೇಕು. ‘ಹೆಸರು ಆಮೇಲೆ ಮಾಡಿಸಿಕೊಳ್ಳಿ’ ಎಂಬ ಮಾತಿಗೆ ಒಪ್ಪಬೇಡಿ.

ಬೆಲೆ ಹೇಳುವ ಬಗೆ

ಈಗ ಮೂರೂ ಸಂಖ್ಯೆಗಳನ್ನು ಒಟ್ಟಿಗೆ ಬರೆಯಿರಿ. ಸವಕಳಿ ಕಳೆದ ಬೆಲೆ 1,51,000ದಿಂದ 1,84,000. ದುರಸ್ತಿ ಕಳೆದ ಮಾರುಕಟ್ಟೆ ಬೆಲೆ 1,52,000. ಸಾಲ ಮಾಡಿ ಕೊಂಡರೆ ನಮ್ಮ ಮನೆಗೆ ಅದರ ಬೆಲೆ 1,37,500. ಇವುಗಳಲ್ಲಿ ಅತಿ ಕಡಿಮೆಯದೇ ನಿಮ್ಮ ಮಿತಿ. ಮಾರುಕಟ್ಟೆಗೆ ನ್ಯಾಯವಾದ ಬೆಲೆಯೆಲ್ಲ ನಿಮ್ಮ ಮನೆಗೂ ನ್ಯಾಯವಾಗಿರಬೇಕೆಂದಿಲ್ಲ. ನೂರೈವತ್ತು ಗಂಟೆ ಕೆಲಸವಿರುವ ನೆರೆಯವರು ಇದೇ ಟ್ರ್ಯಾಕ್ಟರಿಗೆ ಹೆಚ್ಚು ಕೊಟ್ಟರೆ ಅವರು ಮೂರ್ಖರಲ್ಲ. ಕೊಡದೆ ಬಂದ ನೀವೂ ಜಿಪುಣರಲ್ಲ.

ಮಿತಿಯನ್ನು ಮನೆಯಲ್ಲೇ ಬರೆದು, ಹಿರಿಯರೆಲ್ಲ ಒಪ್ಪಿದ ಮೇಲೆ ಹೊರಡಿ. ಮಿತಿಗಿಂತ ಸ್ವಲ್ಪ ಕೆಳಗಿನಿಂದ, ನಮ್ಮ ಉದಾಹರಣೆಯಲ್ಲಿ 1,25,000ದಿಂದ, ಮಾತು ಆರಂಭಿಸಬಹುದು. ಯಂತ್ರವನ್ನು ಹಳಿಯಬೇಡಿ, ಯಾರಿಗೂ ತಮ್ಮ ವಸ್ತುವಿನ ನಿಂದೆ ಹಿಡಿಸುವುದಿಲ್ಲ. ‘ಯಜಮಾನರೇ, ಟ್ರ್ಯಾಕ್ಟರನ್ನು ಚೆನ್ನಾಗಿಯೇ ಇಟ್ಟುಕೊಂಡಿದ್ದೀರಿ. ಟೈರಿಗೆ ಇಷ್ಟು, ಕ್ಲಚ್ಚಿಗೆ ಇಷ್ಟು ಹಿಡಿಯುತ್ತದೆ, ನೀವೇ ನೋಡಿ’ ಎಂದು ಪಟ್ಟಿಯನ್ನು ಮುಂದಿಡಿ. ಕಾರಣ ಹೇಳಿ ಕೇಳಿದ ಬೆಲೆಗೆ ಗೌರವ ಇರುತ್ತದೆ. ಅವರು 1,50,000ಕ್ಕಿಂತ ಇಳಿಯದಿದ್ದರೆ ಕೈ ಮುಗಿದು ಎದ್ದು ಬನ್ನಿ. ‘ನಾಳೆ ಬೇರೆಯವರು ಬರುತ್ತಾರೆ, ಈಗಲೇ ಮುಂಗಡ ಕೊಡಿ’ ಎಂಬ ಅವಸರಕ್ಕೆ ಮಣಿಯಬೇಡಿ. ಬರುವ ವರ್ಷವೂ ಬಾಡಿಗೆ ಟ್ರ್ಯಾಕ್ಟರ್ ಉಳುತ್ತದೆ. ಹೊತ್ತ ಸಾಲ ಮಾತ್ರ ಬಾಡಿಗೆಯಂತೆ ಕೆಲಸ ಮುಗಿದ ದಿನ ಮುಗಿಯುವುದಿಲ್ಲ.

ಮಾಡಿ ನೋಡಿ

1. ನಿಮ್ಮ ಮನೆಯಲ್ಲಿ ಅಥವಾ ನೆರೆಮನೆಯಲ್ಲಿ ಕಳೆದ ವರ್ಷ ಎಷ್ಟು ಗಂಟೆ ಟ್ರ್ಯಾಕ್ಟರ್ ಬಾಡಿಗೆಗೆ ತಂದರು, ಎಷ್ಟು ಕೊಟ್ಟರು ಎಂದು ಕೇಳಿ ಬರೆಯಿರಿ.

2. ಮೇಲಿನ ಉದಾಹರಣೆಯಲ್ಲಿ 60 ಗಂಟೆಯ ಬದಲು 100 ಗಂಟೆ ಕೆಲಸವಿದ್ದರೆ, ಉಳಿದ ಅಂಕಿಗಳು ಹಾಗೆಯೇ ಇದ್ದರೆ, ಮೂರನೆಯ ಸಂಖ್ಯೆ ಎಷ್ಟಾಗುತ್ತದೆ? ಆಗ ಮಿತಿಯನ್ನು ನಿರ್ಧರಿಸುವುದು ಯಾವ ಸಂಖ್ಯೆ?

3. ಇದೇ ರೀತಿಯಲ್ಲಿ ಹಳೆಯ ಪಂಪ್‌ಸೆಟ್ ಅಥವಾ ಹೊಲಿಗೆ ಯಂತ್ರಕ್ಕೆ ಲೆಕ್ಕ ಹಾಕಿ, ಉತ್ತರವನ್ನು ಮನೆಯ ಹಿರಿಯರೊಂದಿಗೆ ಚರ್ಚಿಸಿ.