ಕರ್ಕಶವೆಂದರೇನು?

ಈಚೆಗೆ ವಿದ್ಯಾರ್ಥಿಗಳ ಪ್ರಬಂಧಗಳನ್ನು ತಿದ್ದುತ್ತಿದ್ದಾಗ ಒಂದು ವಾಕ್ಯವು ನಮ್ಮ ಲೇಖನಿಯನ್ನು ತಡೆಯಿತು: ‘ಗಣೇಶೋತ್ಸವದ ಮೆರವಣಿಗೆಯಲ್ಲಿ ಢೋಲುಗಳ ಕರ್ಕಶ ನಾದವು ಎಲ್ಲರಿಗೂ ಆನಂದವನ್ನುಂಟುಮಾಡಿತು.’ ಬರೆದವರು ‘ದೊಡ್ಡ ಸದ್ದು’ ಎಂಬ ಅರ್ಥದಲ್ಲಿ ಆ ಮಾತನ್ನು ಬಳಸಿರುವರು. ಆದರೆ ಕರ್ಕಶವಾದುದು ಆನಂದವನ್ನು ಕೊಡುವುದೆಂತು?

ಕರ್ಕಶವು ಸಂಸ್ಕೃತದಿಂದ ಬಂದ ಶಬ್ದ. ಅದರ ಮೊದಲ ಅರ್ಥಕ್ಕೆ ಸಂಬಂಧವಿರುವುದು ಕಿವಿಯೊಡನೆ ಅಲ್ಲ, ಕೈಯೊಡನೆ. ಮುಟ್ಟಿದರೆ ಒರಟಾಗಿ, ಗಡುಸಾಗಿ ಇರುವುದೆಲ್ಲ ಕರ್ಕಶವೇ. ತರ್ಕಶಾಸ್ತ್ರದಲ್ಲಿ ಪಳಗಿ ಗಟ್ಟಿಯಾದ ಬುದ್ಧಿಯನ್ನು ಹಿಂದಿನವರು ‘ತರ್ಕಕರ್ಕಶ’ವೆಂದು ಹೊಗಳಿದ್ದೂ ಉಂಟು. ಕನ್ನಡದಲ್ಲಿ ಈ ಶಬ್ದವು ಬಹುಮಟ್ಟಿಗೆ ಕೈಯನ್ನು ಬಿಟ್ಟು ಕಿವಿಯಲ್ಲಿ ನೆಲಸಿತು. ಹಳೆಯ ಗುಣವನ್ನು ಮಾತ್ರ ಬಿಡಲಿಲ್ಲ. ಕಿವಿಯನ್ನು ಉಜ್ಜುವ, ಗೀರುವ ಧ್ವನಿಯೇ ಕರ್ಕಶ ಧ್ವನಿ.

ಆದುದರಿಂದ ಸದ್ದಿನ ಪ್ರಮಾಣ ಇಲ್ಲಿ ಮುಖ್ಯವಲ್ಲ. ಗುಡುಗು ಎಷ್ಟು ದೊಡ್ಡದು! ಅದನ್ನು ಗಂಭೀರವೆನ್ನುವೆವೇ ಹೊರತು ಕರ್ಕಶವೆನ್ನೆವು. ಕರಿಹಲಗೆಯ ಮೇಲೆ ಸೀಮೆಸುಣ್ಣವು ಕಿರ್ರೆಂದರೆ ಆ ಸದ್ದು ಪಕ್ಕದ ತರಗತಿಗೂ ಕೇಳಿಸದು. ಆದರೂ ನಮ್ಮ ಹಲ್ಲುಗಳು ಜುಮ್ಮೆನ್ನುವುವು. (ಈ ವಿಷಯದಲ್ಲಿ ಉಪಾಧ್ಯಾಯರೂ ನಿರಪರಾಧಿಗಳಲ್ಲ.) ಮನುಷ್ಯನ ಕಿವಿಯು ಸೆಕೆಂಡಿಗೆ ಸುಮಾರು 2000ದಿಂದ 5000 ಕಂಪನಗಳುಳ್ಳ ಧ್ವನಿಗಳನ್ನು ಅತಿ ಸೂಕ್ಷ್ಮವಾಗಿ ಗ್ರಹಿಸುತ್ತದೆ. ಅಂತಹ ಏರುಧ್ವನಿಗೆ ಒರಟುತನವೂ ಸೇರಿದರೆ ಸ್ವಲ್ಪ ಸದ್ದೇ ಬಹಳವೆನಿಸುವುದು.

ಕನ್ನಡದ ಸ್ವಂತ ಮಾತುಗಳು ಇದನ್ನು ಇನ್ನೂ ನಯವಾಗಿ ವಿಂಗಡಿಸುತ್ತವೆ. ಸಣ್ಣಗೆ, ಮೇಲಕ್ಕೇರಿ ಹೊರಡುವುದು ಕೀರಲು ಧ್ವನಿ. ನೆಗಡಿ ಹಿಡಿದ ಗಂಟಲಿನದು ಗೊಗ್ಗರು ಧ್ವನಿ. ಮೀಸೆ ಮೂಡುವ ವಯಸ್ಸಿನ ಹುಡುಗರದು ಒಡಕು ಧ್ವನಿ. ಬೆದರಿದವರು ಚೀರುವರು, ಸಿಟ್ಟಾದವರು ಅರಚುವರು. ಇವೆಲ್ಲಕ್ಕೂ ‘ಗಲಾಟೆ’ ಎಂಬ ಒಂದೇ ಮಾತು ಸಾಕೆಂದು ನಾವು ಸುಮ್ಮನಾದರೆ, ಮನೆ ಮತ್ತು ಶಾಲೆಗಳ ಹೊರಗೆ ಕನ್ನಡವು ಅಪರೂಪವಾಗಿರುವ ಈ ಮುಂಬಯಿಯಲ್ಲಿ ಉಳಿದ ಮಾತುಗಳು ನಾಲಗೆಯಿಂದ ಜಾರಿಹೋಗಲು ಬಹುಕಾಲ ಬೇಕಿಲ್ಲ.

ನೆರೆಯ ಮರಾಠಿಯಲ್ಲಿಯೂ ಕರ್ಕಶಕ್ಕೆ ಇದೇ ಅರ್ಥ. ಜಗಳಗಂಟಿ ಹೆಂಗಸನ್ನು ಅಲ್ಲಿ ‘ಕರ್ಕಶಾ’ ಎನ್ನುವುದುಂಟು. ಗಂಡಸರಿಗೆ ಅಂತಹ ಬಿರುದನ್ನು ಏಕೆ ಕೊಡಲಿಲ್ಲವೋ!

ಬರೆಯುವಾಗ ‘ಕರ್ಕಷ’ ಎಂಬುದು ತಪ್ಪು, ಕೊನೆಯದು ‘ಶ’ಕಾರ. ಗುಣವನ್ನು ಹೇಳಬೇಕಾದಲ್ಲಿ ‘ಕರ್ಕಶತೆ’ ಎನ್ನಬೇಕು.

ಪ್ರಬಂಧದ ಆ ವಾಕ್ಯದಲ್ಲಿ ನಾವು ‘ಕರ್ಕಶ ನಾದ’ವನ್ನು ಹೊಡೆದು ‘ಅಬ್ಬರದ ನಾದ’ವೆಂದು ತಿದ್ದಿದೆವು. ಢೋಲಿಗೆ ಬದಲಾಗಿ ತಾಶೆ ಎಂದಿದ್ದರೆ ಎರಡು ಬಾರಿ ಯೋಚಿಸುತ್ತಿದ್ದೆವು.